ಸೆವರ್ನ್ ನದಿಗುಂಟ: ನೆರೆಗೆ ಸಜ್ಜಾಗುವ ಊರುಗಳು

ಸೆವರ್ನ್ ಬ್ರಿಟನ್ನಿನ ಅತಿ ಉದ್ದದ ನದಿ. ವೇಲ್ಸ್‌ನ ನಡುಭಾಗದ ಪ್ಲಿನ್‌ಲಿಮನ್ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 610 ಮೀಟರ್ ಎತ್ತರದ ಜೌಗು ನೆಲದಲ್ಲಿ ಅದು ಹುಟ್ಟುತ್ತದೆ. ಪೂರ್ವಕ್ಕೆ ಹರಿದು ಇಂಗ್ಲೆಂಡನ್ನು ಹೊಕ್ಕು, ಅಲ್ಲಿ ದಕ್ಷಿಣಕ್ಕೆ ಬಾಗಿ, 354 ಕಿ.ಮೀ. ಸಾಗಿ ಬ್ರಿಸ್ಟಲ್ ಚಾನೆಲ್ ಎಂಬ ಕಡಲಚಾಚನ್ನು ಸೇರುತ್ತದೆ. ದಾರಿಯುದ್ದಕ್ಕೂ ಶ್ರೂಸ್‌ಬರಿ, ಐರನ್‌ಬ್ರಿಜ್, ಬ್ಯೂಡ್ಲಿ, ವುಸ್ಟರ್, ಅಪ್ಟನ್, ಟ್ಯೂಕ್ಸ್‌ಬರಿ, ಗ್ಲಾಸ್ಟರ್ ಎಂಬ ಊರುಗಳಿವೆ. ದೋಣಿ ವ್ಯಾಪಾರದ ಕಾಲದಲ್ಲಿ ಹೊಳೆಯಿಂದಲೇ ಬೆಳೆದ ಈ ಊರುಗಳು ಚಳಿಗಾಲದ ಮಳೆ ಶುರುವಾದಾಗ ಅದೇ ಹೊಳೆಯನ್ನು ಆತಂಕದಿಂದ ನೋಡುತ್ತವೆ.

ನದಿಯ ಹುಟ್ಟಿನಿಂದ ಕಡಲಿನತನಕ ದಡಗುಂಟ ಸಾಗುವ ಕಾಲುದಾರಿಗೆ ಸೆವರ್ನ್ ವೇ ಎಂದು ಹೆಸರು. ಆ ದಾರಿ ಹಿಡಿದು ಇಳಿದು ಬರುವವರ ಕಣ್ಣಿಗೆ ಕೋಟೆ, ಸೇತುವೆ, ಇಗರ್ಜಿಗಳ ಜೊತೆಗೆ ಇನ್ನೊಂದು ಬಗೆಯ ಕಟ್ಟಡಗಳೂ ಬೀಳುತ್ತವೆ: ದಡದ ಗೋಡೆಗಳು, ನೆಲದಲ್ಲಿ ಹೂತ ಉಕ್ಕಿನ ಕುಳಿಗಳು, ಮೋರಿಯ ಬಾಯಿಗೆ ಇಟ್ಟ ಕಂಬಿಗಳು, ನೀರಿನ ಮಟ್ಟ ತೋರುವ ಅಳತೆಪಟ್ಟಿಗಳು. ಯಾವ ಪ್ರವಾಸಿ ಕೈಪಿಡಿಯಲ್ಲೂ ಇವುಗಳ ವರ್ಣನೆ ಸಿಗುವುದಿಲ್ಲ. ಆದರೆ ಈ ಊರುಗಳು ಇಂದಿಗೂ ವಾಸಕ್ಕೆ ಯೋಗ್ಯವಾಗಿ ಉಳಿದಿರುವುದರಲ್ಲಿ ಇವುಗಳ ಪಾಲು ದೊಡ್ಡದು.

ಪ್ಲಿನ್‌ಲಿಮನ್ ಮೇಲೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ ಬೀಳುತ್ತದೆ. ನದಿಯ ಕೆಳಪಾತ್ರದ ವುಸ್ಟರ್‌ನಲ್ಲಿ ಬೀಳುವುದು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ವುಸ್ಟರ್‌ನ ಬೀದಿಗೆ ನುಗ್ಗುವ ನೀರಿನಲ್ಲಿ ಬಹುಪಾಲು ಆ ಊರಿನವರು ಕಾಣದ ಮಳೆಯದು. ಆಕಾಶ ತಿಳಿಯಾಗಿ ಬಿಸಿಲು ಬಿದ್ದಿರುವಾಗಲೇ ಹೊಳೆ ಏರುತ್ತಿರುತ್ತದೆ. ಬೆಟ್ಟದ ಮಳೆ ಶ್ರೂಸ್‌ಬರಿಗೆ ಬರಲು ಒಂದೆರಡು ದಿನ ಬೇಕು. ಗ್ಲಾಸ್ಟರ್‌ಗೆ ಮುಟ್ಟಲು ಇನ್ನೂ ಕೆಲವು ದಿನ. ಸೆವರ್ನ್ ಹೀಗೆ ಮುಂಚಿತವಾಗಿ ಸುದ್ದಿ ಕಳಿಸಿ ಬರುವ ನದಿ. ಅದರ ದಡದಲ್ಲಿ ಕಟ್ಟಿರುವ ರಕ್ಷಣೆಯೆಲ್ಲ ನಿಂತಿರುವುದು ಈ ಕೆಲವು ದಿನಗಳ ಬಿಡುವಿನ ಮೇಲೆ. ಆ ಬಿಡುವನ್ನು ಬಳಸಿಕೊಂಡ ಕಡೆ ಊರು ಉಳಿದಿದೆ. ಬಳಸಿಕೊಳ್ಳಲಾಗದ ಕಡೆ ಅತ್ಯುತ್ತಮ ಸಲಕರಣೆಯೂ ಕೆಲಸಕ್ಕೆ ಬಂದಿಲ್ಲ.

ಮೇಲಿನ ಕಣಿವೆಯಲ್ಲಿ ಮೊದಲು ಎದುರಾಗುವ ದೊಡ್ಡ ರಚನೆ ಲಾನಿಡ್ಲೋಸ್ ಪಟ್ಟಣದ ಸಮೀಪದ ಕ್ಲವೆಡಾಗ್ ಅಣೆಕಟ್ಟು. 72 ಮೀಟರ್ ಎತ್ತರದ ಈ ಕಾಂಕ್ರೀಟ್ ಕಟ್ಟೆ 1967ರಲ್ಲಿ ಮುಗಿಯಿತು. ಇದನ್ನು ಕಟ್ಟಿದ್ದು ಮುಖ್ಯವಾಗಿ ಬೇಸಿಗೆಯಲ್ಲಿ ನದಿಗೆ ನೀರು ಬಿಟ್ಟು, ಕೆಳಗಿನ ಪಟ್ಟಣಗಳ ಕುಡಿಯುವ ನೀರಿನ ಪಂಪುಗಳು ಬತ್ತದಂತೆ ನೋಡಿಕೊಳ್ಳಲು. ಚಳಿಗಾಲದ ಆರಂಭದಲ್ಲಿ ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಇಟ್ಟು ನೆರೆಯ ನೀರನ್ನೂ ಹಿಡಿಯುತ್ತಾರೆ. ಆದರೆ ಈ ಕಟ್ಟೆಯ ಹಿಂದೆ ಬಂದು ಸೇರುವುದು ಸೆವರ್ನ್ ಕಣಿವೆಯ ಒಂದು ಸಣ್ಣ ತುಣುಕಿನ ಮಳೆ ಮಾತ್ರ. ಪಕ್ಕದ ಕಣಿವೆಯ ವರ್ನ್‌ವಿ ಜಲಾಶಯವನ್ನು 1880ರ ದಶಕದಲ್ಲಿ ಲಿವರ್‌ಪೂಲ್ ನಗರದ ನೀರಿಗಾಗಿ ಕಟ್ಟಿದರು. ಪ್ರತಿ ನೆರೆಯ ನಂತರವೂ ಕೆಳಗಿನ ಊರುಗಳಲ್ಲಿ ಏಳುವ ಪ್ರಶ್ನೆ ಒಂದೇ: ಅಣೆಕಟ್ಟುಗಳನ್ನು ಮೊದಲೇ ಖಾಲಿ ಮಾಡಬಹುದಿತ್ತಲ್ಲ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಳಿಗಾಲದಲ್ಲಿ ಖಾಲಿ ಮಾಡಿದ ಜಲಾಶಯ ತುಂಬದೆ ಹೋದರೆ ಬೇಸಿಗೆಯಲ್ಲಿ ಲಕ್ಷಾಂತರ ಮನೆಗಳ ನಲ್ಲಿ ಒಣಗುತ್ತದೆ. ಒಂದೇ ಕಟ್ಟೆಯಿಂದ ಎರಡೂ ಕೆಲಸವನ್ನು ಪೂರ್ತಿಯಾಗಿ ಮಾಡಿಸಲು ಬರುವುದಿಲ್ಲ.

ವೆಲ್ಶ್‌ಪೂಲ್ ದಾಟಿದ ಮೇಲೆ ಕಣಿವೆ ಅಗಲವಾಗುತ್ತದೆ. ಸೆವರ್ನ್ ಮತ್ತು ವರ್ನ್‌ವಿ ಕೂಡುವ ಬಯಲಿನಲ್ಲಿ ರೈತರು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಮಣ್ಣಿನ ಒಡ್ಡುಗಳಿವೆ. ಸಾಧಾರಣ ಏರಿಕೆಗೆ ಅವು ಹೊಲವನ್ನು ಕಾಯುತ್ತವೆ. ನೀರು ಅದಕ್ಕೂ ಮೇಲೇರಿದರೆ ಒಡ್ಡಿನ ತಲೆಯ ಮೇಲಿಂದ ಹರಿದು ಬಯಲಿನಲ್ಲಿ ಹರಡಿ ನಿಲ್ಲುತ್ತದೆ. ಆಗ ಆ ಬಯಲು ಒಂದು ದೊಡ್ಡ ಕೆರೆ. ಮುಳುಗಿದ ಹುಲ್ಲುಗಾವಲು ರೈತನಿಗೆ ನಷ್ಟ, ಶ್ರೂಸ್‌ಬರಿಗೆ ಲಾಭ. ಅಲ್ಲಿ ನಿಂತ ನೀರಷ್ಟೂ ಪಟ್ಟಣಕ್ಕೆ ತಡವಾಗಿ ಇಳಿಯುತ್ತದೆ. ಶ್ರೂಸ್‌ಬರಿಯ ಮೇಲ್ಭಾಗದಲ್ಲಿ ನೀರನ್ನು ಇನ್ನಷ್ಟು ಹೊತ್ತು ಹಿಡಿದಿಡುವ ಯೋಜನೆಯೊಂದರ ಮಾತು ಹಲವು ವರ್ಷಗಳಿಂದ ನಡೆದಿದೆ. ಯಾರ ಹೊಲ ಮುಳುಗಬೇಕು, ಅದಕ್ಕೆ ಪರಿಹಾರವೇನು ಎಂಬ ಕಡೆ ಚರ್ಚೆ ಬಿಸಿಯಾಗುತ್ತದೆ. ನೆರೆಯಿಂದ ಉಳಿದ ಊರಿನ ಲೆಕ್ಕ ಹಾಕುವವರು ನೆರೆ ನಿಂತ ಹೊಲದ ಲೆಕ್ಕವನ್ನೂ ಹಾಕಬೇಕು. ಇಲ್ಲಿ ಆಡಳಿತದ ಗಡಿಯೂ ಒಂದು ತೊಡಕು. ಗಡಿಯ ಆಚೆಗಿನ ನದಿ ವೇಲ್ಸ್‌ನ ನೈಸರ್ಗಿಕ ಸಂಪನ್ಮೂಲ ಸಂಸ್ಥೆಗೆ ಸೇರಿದ್ದು, ಈಚೆಗಿನದು ಇಂಗ್ಲೆಂಡಿನ ಪರಿಸರ ಸಂಸ್ಥೆಗೆ. ನೀರು ಮಾತ್ರ ಒಂದೇ.

ಶ್ರೂಸ್‌ಬರಿಯನ್ನು ನದಿ ಬಹುತೇಕ ಸುತ್ತುವರಿದಿದೆ. ಹಳೆಯ ಪೇಟೆ ದಿಬ್ಬದ ಮೇಲಿರುವುದರಿಂದ ಸುರಕ್ಷಿತ. ಸೇತುವೆಗಳಾಚೆಯ ಫ್ರಾಂಕ್‌ವೆಲ್, ಕೋಲ್‌ಹ್ಯಾಮ್ ಬಡಾವಣೆಗಳು ತಗ್ಗಿನಲ್ಲಿವೆ. 2000ದ ಶರತ್ಕಾಲದಲ್ಲಿ ಕೆಲವೇ ವಾರಗಳ ಅಂತರದಲ್ಲಿ ನದಿ ಮತ್ತೆ ಮತ್ತೆ ಉಕ್ಕಿ ಈ ಮನೆಗಳೊಳಗೆ ನುಗ್ಗಿತು. ಆ ಸಂಕಟದ ನಂತರ ಫ್ರಾಂಕ್‌ವೆಲ್‌ನಲ್ಲಿ ಕಟ್ಟಿದ ರಕ್ಷಣಾ ವ್ಯವಸ್ಥೆ 2003ರಲ್ಲಿ ಸಿದ್ಧವಾಯಿತು. ಇಂಗ್ಲೆಂಡಿನಲ್ಲಿ ಕಳಚಿ ಜೋಡಿಸುವ ತಡೆಗೋಡೆಗಳನ್ನು ಮೊದಮೊದಲು ಅಳವಡಿಸಿಕೊಂಡ ಊರುಗಳಲ್ಲಿ ಇದೂ ಒಂದು.

ಈ ತಡೆಗೋಡೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರ ಮುಖ್ಯ ಭಾಗ ಕಣ್ಣಿಗೆ ಕಾಣುವುದಿಲ್ಲ. ನೆಲದೊಳಗೆ ಕಾಂಕ್ರೀಟಿನ ಭದ್ರ ಅಡಿಪಾಯ, ಅದರ ಕೆಳಗೆ ಆಳಕ್ಕೆ ಬಡಿದಿಳಿಸಿದ ಉಕ್ಕಿನ ಹಾಳೆಗಳು. ದಡದ ಮಣ್ಣು, ಮರಳುಗಳ ಮೂಲಕ ನೀರು ಅಡಿಯಿಂದ ಜಿನುಗಿ ಬಾರದಂತೆ ತಡೆಯುವುದು ಆ ಹಾಳೆಗಳ ಕೆಲಸ. ನೆಲಮಟ್ಟದಲ್ಲಿ ಸಾಲಾಗಿ ಕುಳಿಗಳು. ನೆರೆಯ ಮುನ್ಸೂಚನೆ ಬಂದಾಗ ಉಗ್ರಾಣದಿಂದ ಕಂಬಗಳನ್ನು ತಂದು ಈ ಕುಳಿಗಳಿಗೆ ಬೋಲ್ಟು ಹಾಕಿ ನಿಲ್ಲಿಸುತ್ತಾರೆ. ಕಂಬದಿಂದ ಕಂಬಕ್ಕೆ ಅಲ್ಯೂಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಟ್ಟು ಬಿಗಿಯುತ್ತಾರೆ. ನೀರು ಇಳಿದ ಮೇಲೆ ಎಲ್ಲವನ್ನೂ ಕಳಚಿ, ತೊಳೆದು, ಎಣಿಸಿ ಒಳಗಿಡುತ್ತಾರೆ. ಉಳಿದ ದಿನಗಳಲ್ಲಿ ದಡ ತೆರೆದೇ ಇರುತ್ತದೆ. ಮಕ್ಕಳು ಬಾತುಕೋಳಿಗೆ ಕಾಳು ಹಾಕುತ್ತಾರೆ, ಅಂಗಡಿಯವರಿಗೆ ಹೊಳೆ ಕಾಣುತ್ತದೆ. ಹೊಳೆಯನ್ನು ನೋಡಿಕೊಂಡೇ ಬದುಕಿದ ಊರಿಗೆ ಎತ್ತರದ ಕಾಯಂ ಗೋಡೆ ಬೇಡವಾದ್ದರಿಂದ ಈ ದಾರಿ ಹುಡುಕಿದ್ದು.

ಗೋಡೆ ನಿಲ್ಲಿಸಿದರೆ ಸಾಲದು. ಊರಿನ ಮಳೆನೀರು ಹೋಗಬೇಕಾದ್ದೂ ಆ ಹೊಳೆಗೇ. ಹೊಳೆಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ನೀರು ಹಿಮ್ಮುಖವಾಗಿ ಚರಂಡಿಯಲ್ಲಿ ನುಗ್ಗಿ ಗೋಡೆಯ ಒಳಗಿನ ಬೀದಿಯಲ್ಲೇ ಉಕ್ಕುತ್ತದೆ. ಅದನ್ನು ತಡೆಯಲು ಚರಂಡಿಯ ಬಾಯಿಗೆ ಒಂದೇ ದಿಕ್ಕಿಗೆ ತೆರೆಯುವ ಕದ ಕೂರಿಸುತ್ತಾರೆ. ಕದ ಮುಚ್ಚಿಕೊಂಡ ಮೇಲೆ ಒಳಗೆ ಬಿದ್ದ ಮಳೆಗೆ ದಾರಿಯಿಲ್ಲ. ಅದನ್ನು ಪಂಪಿನಿಂದ ಎತ್ತಿ ಗೋಡೆಯಾಚೆ ಸುರಿಯಬೇಕು. ಪಂಪಿಗೆ ಡೀಸೆಲ್ ಬೇಕು, ರಾತ್ರಿಯಿಡೀ ಕಾಯುವ ಜನ ಬೇಕು.

ನೆರೆಯ ಎಚ್ಚರಿಕೆ ಬಂದಾಗ ಶ್ರೂಸ್‌ಬರಿಯಲ್ಲಿ ಕೌನ್ಸಿಲ್ ಮೊದಲು ಮಾಡುವ ಕೆಲಸ ಹೊಳೆಬದಿಯ ಪಾರ್ಕಿಂಗ್ ಜಾಗಗಳನ್ನು ಖಾಲಿ ಮಾಡಿಸುವುದು. ಫ್ರಾಂಕ್‌ವೆಲ್‌ನ ಪಾರ್ಕಿಂಗ್ ಬಯಲು ಎಲ್ಲಕ್ಕಿಂತ ಮೊದಲು ಮುಳುಗುತ್ತದೆ. ಅಲ್ಲಿ ವಾಹನ ಬಿಟ್ಟುಹೋದವರಿಗೆ ಸುದ್ದಿ ಮುಟ್ಟಿಸಿ, ಗೇಟು ಹಾಕಿ, ಬಸ್ಸಿನ ದಾರಿ ಬದಲಿಸಿ, ಶಾಲೆಗಳಿಗೆ ತಿಳಿಸಬೇಕು. ಇದರಲ್ಲಿ ಸಾಹಸವೇನೂ ಕಾಣದು, ಆದರೆ ನೆರೆಯ ಹೊತ್ತಿಗೆ ಜೀವ ಉಳಿಸುವುದು ಬಹುಪಾಲು ಇಂಥ ಕೆಲಸವೇ. ಮುಳುಗಿದ ರಸ್ತೆಯಲ್ಲಿ ಕಾರು ಓಡಿಸಲು ಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿ ಬ್ರಿಟನ್ನಿನ ಪ್ರತಿ ದೊಡ್ಡ ನೆರೆಯಲ್ಲೂ ಬರುತ್ತದೆ.

ಯಾರ ಹೊಣೆ ಯಾವುದು ಎಂಬುದು ಇಂಗ್ಲೆಂಡಿನವರಿಗೇ ಗೊಂದಲ ಹುಟ್ಟಿಸುವ ವಿಷಯ. ದೊಡ್ಡ ನದಿಗಳ ಮುನ್ನೆಚ್ಚರಿಕೆ ಮತ್ತು ತಡೆಗೋಡೆ ಪರಿಸರ ಸಂಸ್ಥೆಯದು. ಸಣ್ಣ ತೊರೆಗಳು, ನೆಲದ ಮೇಲೆ ಹರಿಯುವ ಮಳೆನೀರು, ಅಂತರ್ಜಲ ಉಕ್ಕುವುದು ಇವು ಕೌಂಟಿ ಕೌನ್ಸಿಲಿನ ಅಥವಾ ಒಂದೇ ಹಂತದ ಕೌನ್ಸಿಲಿನ ಪಾಲಿಗೆ. ರಸ್ತೆಯ ಚರಂಡಿಯೂ ಬಹುಮಟ್ಟಿಗೆ ಅವರದೇ. ಒಳಚರಂಡಿ ನೀರು ಸರಬರಾಜು ಕಂಪನಿಯದು. ಮನೆಯ ಹಿಂದೆ ಹರಿಯುವ ತೊರೆಯ ದಡ ಸಾಮಾನ್ಯವಾಗಿ ಆ ಜಮೀನಿನ ಒಡೆಯನದು. ಅದರಲ್ಲಿ ಬಿದ್ದ ಮರ, ಕಸ ತೆಗೆಯಬೇಕಾದವನೂ ಅವನೇ. ಶ್ರಾಪ್‌ಶೈರ್‌ನಲ್ಲಿ 2009ರಿಂದ ಒಂದೇ ಹಂತದ ಕೌನ್ಸಿಲ್ ಇದೆ. ಕೆಳಗಿನ ವುಸ್ಟರ್‌ಶೈರ್, ಗ್ಲಾಸ್ಟರ್‌ಶೈರ್‌ಗಳಲ್ಲಿ ಕೌಂಟಿ, ಜಿಲ್ಲೆ, ಪ್ಯಾರಿಷ್ ಎಂದು ಮೂರು ಹಂತ ಬೆಳೆದುಬಂದಿವೆ. ಮಧ್ಯರಾತ್ರಿ ಅಂಗಳದಲ್ಲಿ ನೀರು ಕಂಡ ಮುದುಕಿ ಯಾರಿಗೆ ಫೋನ್ ಮಾಡಬೇಕು? ಈ ಪ್ರಶ್ನೆಗೆ ಒಂದೇ ಉತ್ತರ ಇರುವಂತೆ ನೋಡಿಕೊಳ್ಳುವುದೇ ಸಿದ್ಧತೆಯ ಮೊದಲ ಪಾಠ.

2004ರ ನಾಗರಿಕ ತುರ್ತುಸ್ಥಿತಿ ಕಾಯ್ದೆ ಕೌನ್ಸಿಲುಗಳು, ಪೊಲೀಸು, ಅಗ್ನಿಶಾಮಕ ದಳ, ಆಸ್ಪತ್ರೆ ಸೇವೆ, ಪರಿಸರ ಸಂಸ್ಥೆ ಎಲ್ಲರೂ ಮುಂಚಿತವಾಗಿ ಒಟ್ಟಿಗೆ ಕೂತು ಯೋಜನೆ ಮಾಡುವುದನ್ನು ಕಡ್ಡಾಯ ಮಾಡಿತು. ಪ್ರತಿ ಪೊಲೀಸ್ ವಲಯಕ್ಕೂ ಅಂಥದೊಂದು ವೇದಿಕೆ ಇದೆ. ಯಾವ ಶಾಲೆ ಅಥವಾ ಕ್ರೀಡಾಭವನ ಕಾಳಜಿ ಕೇಂದ್ರವಾಗಬೇಕು, ಅದರ ಬೀಗದ ಕೈ ಯಾರ ಬಳಿ ಇರುತ್ತದೆ, ಹಾಸಿಗೆ ಹಿಡಿದವರ ಮನೆಗಳು ಯಾವುವು, ಸಾಕುನಾಯಿಯನ್ನು ಬಿಟ್ಟು ಬರಲೊಪ್ಪದವರನ್ನು ಎಲ್ಲಿ ಇರಿಸಬೇಕು ಎಂಬುದೆಲ್ಲ ಮಳೆ ಬರುವ ಮೊದಲೇ ಕಾಗದದ ಮೇಲೆ ಇರಬೇಕು. ಆದರೆ ಕಾಗದ ಹಳತಾಗುತ್ತದೆ. ಹಳೆಯ ಫೋನ್ ನಂಬರಿನ ಪಟ್ಟಿ ಎಂಥ ಚೆಂದದ ಯೋಜನೆಯನ್ನೂ ಕೆಡಿಸಬಲ್ಲದು.

ಶ್ರೂಸ್‌ಬರಿಯಿಂದ ಕೆಳಗೆ ನದಿ ಇಕ್ಕಟ್ಟಾದ ಕಮರಿಯನ್ನು ಹೊಗುತ್ತದೆ. ಅಲ್ಲಿರುವುದು ಐರನ್‌ಬ್ರಿಜ್. 1779ರಲ್ಲಿ ಎದ್ದು ನಿಂತ ಎರಕದ ಕಬ್ಬಿಣದ ಸೇತುವೆಯಿಂದ ಊರಿಗೆ ಈ ಹೆಸರು ಬಂತು. 1795ರ ಫೆಬ್ರವರಿಯ ಮಹಾನೆರೆ ಸೆವರ್ನ್ ಮೇಲಿನ ಒಂದಾದ ಮೇಲೊಂದು ಸೇತುವೆಯನ್ನು ಕೆಡವಿದಾಗ ಇದು ಅಲುಗದೆ ನಿಂತು, ಕಬ್ಬಿಣದ ಸೇತುವೆಯ ಬಗ್ಗೆ ಎಂಜಿನಿಯರುಗಳಲ್ಲಿ ನಂಬಿಕೆ ಹುಟ್ಟಿಸಿತು. ಆದರೆ ದಡದ ಮನೆಗಳಿಗೆ ಆ ಭದ್ರತೆ ಇಲ್ಲ. ಕಮರಿಯ ಇಳಿಜಾರಿನ ನೆಲ ಸದಾ ನಿಧಾನವಾಗಿ ಜಾರುತ್ತಿರುತ್ತದೆ. ಹಾಗಾಗಿ ಇಲ್ಲಿ ದಡದ ರಸ್ತೆಯ ಮೇಲೇ ತಾತ್ಕಾಲಿಕ ತಡೆಗೋಡೆಯನ್ನು ಹೂಡುತ್ತಾರೆ: ಓರೆಯಾಗಿ ನಿಂತ ಲೋಹದ ಚೌಕಟ್ಟುಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ನೀರಿನ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. 2020ರ ಫೆಬ್ರವರಿ ಬ್ರಿಟನ್ ದಾಖಲೆಗಳಲ್ಲೇ ಅತಿ ಹೆಚ್ಚು ಮಳೆ ಕಂಡ ಫೆಬ್ರವರಿ. ಕಿಯಾರಾ, ಡೆನಿಸ್ ಬಿರುಗಾಳಿಗಳು ಬೆನ್ನುಬೆನ್ನಿಗೆ ಬಂದವು. ತಿಂಗಳ ಕೊನೆಯ ವಾರ ಐರನ್‌ಬ್ರಿಜ್‌ನ ತಡೆಗೋಡೆ ನೀರಿನ ಒತ್ತಡಕ್ಕೆ ರಸ್ತೆಯ ಮೇಲೆ ಹಿಂದಕ್ಕೆ ಜರುಗಿತು. ಅದು ಪೂರ್ತಿ ಮುರಿದು ಬೀಳಲಿಲ್ಲ. ಆದರೂ ಪೊಲೀಸರು ದಡದ ಮನೆಗಳನ್ನು ತಕ್ಷಣ ಖಾಲಿ ಮಾಡಿಸಿದರು. ತಡೆಗೋಡೆ ಇದ್ದರೂ ಹೊರಡಲು ಗಂಟುಮೂಟೆ ಕಟ್ಟಿಟ್ಟಿರಬೇಕು ಎಂದು ಅಧಿಕಾರಿಗಳು ಹೇಳುವುದನ್ನು ಉಪಚಾರದ ಮಾತೆಂದು ತಳ್ಳಿಹಾಕುವವರಿಗೆ ಆ ದಿನ ಉತ್ತರ ಸಿಕ್ಕಿತು.

ಬ್ರಿಜ್‌ನಾರ್ತ್‌ನಿಂದ ಬ್ಯೂಡ್ಲಿಯ ಕಡೆಗೆ ನದಿಯ ಜೊತೆಜೊತೆಗೇ ಹೋಗುವ ಉಗಿಬಂಡಿಯ ಹಳೆಯ ರೈಲುದಾರಿ ಪ್ರವಾಸಿಗರಿಗೆ ಅಚ್ಚುಮೆಚ್ಚು. 2007ರ ಜೂನ್‌ನಲ್ಲಿ ಈ ದಾರಿಯ ಏರಿಗಳು ಹಲವೆಡೆ ಕೊಚ್ಚಿಹೋಗಿ, ಪೂರ್ತಿ ಮಾರ್ಗ ಮತ್ತೆ ತೆರೆಯಲು 2008ರ ಮಾರ್ಚ್‌ವರೆಗೆ ಹಿಡಿಯಿತು. ಹಾನಿ ಮಾಡಿದ್ದು ಕೆಳಗಿನ ನದಿಯಲ್ಲ, ಮೇಲಿನ ಗುಡ್ಡದಿಂದ ಒಮ್ಮೆಲೇ ಇಳಿದ ಮಳೆನೀರು. ಇಂಥ ನೀರಿಗೆ ಸೆವರ್ನ್ ಕೊಡುವ ಆ ಕೆಲವು ದಿನಗಳ ಬಿಡುವು ಇರುವುದಿಲ್ಲ. ಮೋರಿಯ ಬಾಯಿ ಒಂದು ಮರದ ಕೊಂಬೆಯಿಂದ ಕಟ್ಟಿಕೊಂಡರೆ ಅರ್ಧ ಗಂಟೆಯಲ್ಲಿ ಬೀದಿ ತುಂಬುತ್ತದೆ. ಆದ್ದರಿಂದಲೇ ಕೌನ್ಸಿಲುಗಳಲ್ಲಿ ಎಲೆ ಉದುರುವ ಕಾಲಕ್ಕೆ ಮೊದಲು ಚರಂಡಿಯ ಹೂಳು ಹೀರುವ ಲಾರಿಗಳನ್ನು ಓಡಿಸುವುದು, ಮಳೆಯ ಎಚ್ಚರಿಕೆ ಬಂದೊಡನೆ ಮೋರಿಯ ಬಾಯಿಯ ಕಂಬಿಗಳಿಗೆ ಸಿಕ್ಕ ಕಸವನ್ನು ತೆಗೆಸುವುದು ವಾಡಿಕೆ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಈ ಖರ್ಚಿಗೇ. ಹೂಳು ತೆಗೆದ ಚರಂಡಿಯ ಫೋಟೊ ಯಾರೂ ಪತ್ರಿಕೆಗೆ ಕಳಿಸುವುದಿಲ್ಲ, ಹೊಸ ಗೋಡೆಯ ಉದ್ಘಾಟನೆಗೆ ಮಂತ್ರಿ ಬರುತ್ತಾರೆ. ಈ ತಾರತಮ್ಯದ ಬೆಲೆ ತೆರುವವರು ತಗ್ಗಿನ ಮನೆಯವರು.

ಬ್ಯೂಡ್ಲಿ ಸುಂದರವಾದ ಊರು. 1795ರ ನೆರೆಯಲ್ಲಿ ಹೋದ ಸೇತುವೆಯ ಬದಲಿಗೆ ಥಾಮಸ್ ಟೆಲ್ಫರ್ಡ್ 1798ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ಇದೆ. ಇಲ್ಲಿನ ನೀರಿನ ಹರಿವನ್ನು 1921ರಿಂದ ಅಳೆಯುತ್ತ ಬಂದಿದ್ದಾರೆ. ಇಷ್ಟು ಉದ್ದದ ದಾಖಲೆ ಬ್ರಿಟನ್ನಿನಲ್ಲಿ ಅಪರೂಪ. ಸೇತುವೆಯ ಪಶ್ಚಿಮ ದಡದ ಹಳೆಯ ಮನೆಸಾಲಿಗೆ 2006ರ ಹೊತ್ತಿಗೆ ಕಳಚಿ ಜೋಡಿಸುವ ತಡೆಗೋಡೆಯ ವ್ಯವಸ್ಥೆ ಪೂರ್ತಿಯಾಯಿತು. ಎದುರು ದಡದ ಬೀಲ್ಸ್ ಕಾರ್ನರ್‌ನಲ್ಲಿ ಮನೆಗಳು ಕಡಿಮೆ. ರಕ್ಷಣೆಗೆ ಹಾಕುವ ಪ್ರತಿ ಪೌಂಡಿಗೂ ಎಷ್ಟು ಹಾನಿ ತಪ್ಪುತ್ತದೆ ಎಂದು ನೋಡುವ ಸರಕಾರಿ ಲೆಕ್ಕದಲ್ಲಿ ಅವು ಹಿಂದೆ ಬಿದ್ದವು. ಅಲ್ಲಿಗೆ ಸಿಕ್ಕಿದ್ದು ರಸ್ತೆಯ ಮೇಲೆ ಹೂಡುವ ತಾತ್ಕಾಲಿಕ ಬೇಲಿ. 2020ರ ಫೆಬ್ರವರಿಯಲ್ಲಿ, ಮತ್ತೆ 2021ರ ಜನವರಿಯಲ್ಲಿ, ಒಂದು ದಡ ಒಣಗಿರುವಾಗ ಇನ್ನೊಂದು ದಡದ ಮನೆಗಳಿಗೆ ನೀರು ನುಗ್ಗಿತು. ಎರಡೂ ದಡದವರು ಒಂದೇ ಊರಿನವರು, ಒಂದೇ ಸೇತುವೆಯ ಮೇಲೆ ನಿಂತು ಒಂದೇ ಹೊಳೆಯನ್ನು ನೋಡುವವರು. ಆ ಲೆಕ್ಕದ ವಿಧಾನದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದನ್ನು ಬೀಲ್ಸ್ ಕಾರ್ನರ್‌ನ ಮನೆಯೊಂದರ ಒದ್ದೆ ಗೋಡೆಯ ಮುಂದೆ ನಿಂತು ಸಮರ್ಥಿಸುವುದು ಅದಕ್ಕಿಂತ ಕಷ್ಟ. ಕೊನೆಗೆ ಅಲ್ಲಿಗೂ ಕಾಯಂ ಗೋಡೆಯ ಯೋಜನೆ ಮಂಜೂರಾಗಿ ಕಾಮಗಾರಿ ನಡೆಯಿತು.

ವುಸ್ಟರ್ ನಗರದಲ್ಲಿ ಪ್ರಧಾನ ಇಗರ್ಜಿಯ ಕೆಳಗೆ ಹೊಳೆಗೆ ಇಳಿಯುವ ಹಳೆಯ ಬಾಗಿಲೊಂದಿದೆ. ಅದರ ಕಲ್ಲುಗೋಡೆಯ ಮೇಲೆ ಹಿಂದಿನ ನೆರೆಗಳ ಮಟ್ಟವನ್ನು ಇಸವಿಯ ಸಮೇತ ಕೆತ್ತಿದ್ದಾರೆ. ಅಲ್ಲಿ 1770ರ ಗೆರೆ ಎಲ್ಲಕ್ಕಿಂತ ಮೇಲೆ. 1947ರದ್ದೂ ಬಹಳ ಎತ್ತರ. 1947ರ ಮಾರ್ಚ್‌ನಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಹಿಮ ಕರಗಿ, ಜೊತೆಗೆ ಮಳೆಯೂ ಸುರಿದು ನದಿ ಉಕ್ಕಿತ್ತು. ಒಂದು ತಲೆಮಾರಿನ ನೆನಪು ಮುಂದಿನ ತಲೆಮಾರಿಗೆ ಉಳಿಯುವುದಿಲ್ಲವಾದ್ದರಿಂದ ಇಂಥ ಗೆರೆಗಳು ಬೇಕು. ನದಿಯಾಚೆಯ ನ್ಯೂ ರೋಡ್ ಕ್ರಿಕೆಟ್ ಮೈದಾನ ಚಳಿಗಾಲದಲ್ಲಿ ಆಗಾಗ ಮುಳುಗಿ, ಬೇಸಿಗೆ ಋತುವಿನ ಮೊದಲ ಪಂದ್ಯಗಳನ್ನು ಬೇರೆಡೆ ಆಡಬೇಕಾದ ವರ್ಷಗಳಿವೆ. ಕುದುರೆ ಓಟದ ಬಯಲೂ ಹಾಗೆಯೇ. ಇವು ಮುಳುಗುವುದರ ಬಗ್ಗೆ ನಗರಕ್ಕೆ ದೊಡ್ಡ ದೂರಿಲ್ಲ. ಹೊಳೆಗೆ ಹರಡಿಕೊಳ್ಳಲು ಬಿಟ್ಟ ಜಾಗ ಅದು. ನಗರದ ಕಷ್ಟ ಇರುವುದು ಸೇತುವೆಯಲ್ಲಿ. ಅದರ ಪಶ್ಚಿಮದ ರಸ್ತೆ ಮುಳುಗಿ 2014ರ ಫೆಬ್ರವರಿಯಲ್ಲಿ ಸೇತುವೆಯನ್ನು ವಾಹನಗಳಿಗೆ ಮುಚ್ಚಿದಾಗ ಊರು ಎರಡು ತುಂಡಾಯಿತು.

ವುಸ್ಟರ್‌ನಿಂದ ದಕ್ಷಿಣಕ್ಕಿರುವ ಅಪ್ಟನ್ ಸಣ್ಣ ಪಟ್ಟಣ. ನೆರೆಯ ವಿಷಯದಲ್ಲಿ ಅದರ ಕಥೆ ಇಡೀ ದೇಶಕ್ಕೆ ಪಾಠವಾಯಿತು. 2007ರ ಜುಲೈ 20ರಂದು ಸೆವರ್ನ್‌ನ ಕೆಳಕಣಿವೆಯ ಹಲವು ಕಡೆ ಒಂದೇ ದಿನ 100 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯಿತು. ಅಪ್ಟನ್ನಿಗೆ ಆಗ ಕಾಯಂ ಗೋಡೆ ಇರಲಿಲ್ಲ. ತಾತ್ಕಾಲಿಕ ತಡೆಗೋಡೆ ಇತ್ತು, ಆದರೆ ಅದನ್ನು ಇಟ್ಟಿದ್ದು ಮೇಲಿನ ಕಿಡ್ಡರ್‌ಮಿನ್‌ಸ್ಟರ್ ಎಂಬ ಊರಿನ ಉಗ್ರಾಣದಲ್ಲಿ. ಎಚ್ಚರಿಕೆ ಬಂತು, ಲಾರಿಗಳೂ ಹೊರಟವು. ಅಷ್ಟರಲ್ಲಿ ಮಳೆನೀರಿಗೆ ಹೆದ್ದಾರಿಗಳೇ ಮುಳುಗಿ ಸಾವಿರಾರು ವಾಹನಗಳು ರಾತ್ರಿಯಿಡೀ ನಿಂತಲ್ಲೇ ನಿಂತವು. ತಡೆಗೋಡೆ ಹೊತ್ತ ಲಾರಿಗಳೂ ಅವುಗಳ ನಡುವೆ ಸಿಕ್ಕಿಕೊಂಡವು. ತಡೆಗೋಡೆ ಅಪ್ಟನ್ ತಲುಪುವ ಮೊದಲೇ ಹೊಳೆ ತಲುಪಿತು. ಸಲಕರಣೆ ಇತ್ತು, ಮುನ್ಸೂಚನೆ ಇತ್ತು, ಹೂಡಬಲ್ಲ ಜನರೂ ಇದ್ದರು. ರಸ್ತೆ ಒಣಗಿರುತ್ತದೆ ಎಂಬ ಒಂದು ಊಹೆಯ ಮೇಲೆ ಎಲ್ಲವೂ ನಿಂತಿತ್ತು. ನೆರೆಯ ಯೋಜನೆ ಬರೆಯುವವರು ಇಂದಿಗೂ ತಮ್ಮ ಕಡತದಲ್ಲಿ ಇಂಥ ಊಹೆ ಎಲ್ಲಿ ಅಡಗಿದೆ ಎಂದು ಹುಡುಕಬೇಕಾದ್ದು ಇದಕ್ಕಾಗಿ.

ಅಪ್ಟನ್ನಿನ ಜನ ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಒತ್ತಾಯಿಸಿ, ಕೌನ್ಸಿಲುಗಳ ಹಣವನ್ನೂ ಸೇರಿಸಿ, 2012ರಲ್ಲಿ ಕಾಯಂ ರಕ್ಷಣೆಯನ್ನು ಪಡೆದರು. ಹೊಳೆಬದಿಯ ಇಟ್ಟಿಗೆ ಗೋಡೆಯಲ್ಲಿ ಅಲ್ಲಲ್ಲಿ ದಪ್ಪ ಗಾಜಿನ ಫಲಕಗಳಿವೆ. ಕಾಲುದಾರಿ ಗೋಡೆಯನ್ನು ಹಾಯುವ ಕಡೆ ಬಿಗಿಯಾಗಿ ಮುಚ್ಚುವ ಗೇಟುಗಳಿವೆ. 2020ರ ಫೆಬ್ರವರಿಯಲ್ಲಿ ಇಲ್ಲಿಗೆ ಜೀವಾಪಾಯವನ್ನು ಸೂಚಿಸುವ ಅತ್ಯುನ್ನತ ದರ್ಜೆಯ ಎಚ್ಚರಿಕೆ ಹೊರಟಿತು. ನೀರು ಗಾಜಿನ ಆಚೆ ಎದೆಮಟ್ಟಕ್ಕೆ ನಿಂತರೂ ಗೋಡೆ ಹಿಡಿಯಿತು. ಇಂಗ್ಲೆಂಡಿನಲ್ಲಿ ಈ ಎಚ್ಚರಿಕೆಗಳು ಮೂರು ದರ್ಜೆಯವು: ಮೊದಲನೆಯದು ಸಿದ್ಧರಾಗಿ ಎನ್ನುತ್ತದೆ, ಎರಡನೆಯದು ಕೆಲಸಕ್ಕಿಳಿಯಿರಿ ಎನ್ನುತ್ತದೆ, ಮೂರನೆಯದು ಪ್ರಾಣ ಉಳಿಸಿಕೊಳ್ಳಿ ಎನ್ನುತ್ತದೆ. ಹವಾಮಾನ ಇಲಾಖೆಯೂ ಪರಿಸರ ಸಂಸ್ಥೆಯೂ ಕೂಡಿ 2009ರಲ್ಲಿ ತೆರೆದ ಮುನ್ಸೂಚನಾ ಕೇಂದ್ರ ಮುಂದಿನ ಐದು ದಿನದ ಅಪಾಯದ ಅಂದಾಜನ್ನು ದಿನವೂ ಕೌನ್ಸಿಲುಗಳಿಗೆ ಕಳಿಸುತ್ತದೆ.

ಟ್ಯೂಕ್ಸ್‌ಬರಿಯಲ್ಲಿ ಏವನ್ ನದಿ ಬಂದು ಸೆವರ್ನ್ ಅನ್ನು ಕೂಡುತ್ತದೆ. 12ನೇ ಶತಮಾನದ ಅಲ್ಲಿನ ಮಠದ ಇಗರ್ಜಿಯನ್ನು ಕಟ್ಟಿದವರು ಜಾಗವನ್ನು ಅರಿತು ಆರಿಸಿದ್ದರು. 2007ರ ಜುಲೈನಲ್ಲಿ ಸುತ್ತಲೂ ಕಂದು ನೀರು ಹರಡಿ ಇಗರ್ಜಿಯೊಂದೇ ದ್ವೀಪದಂತೆ ನಿಂತ ವಿಮಾನಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ನೆರೆಯಲ್ಲಿ ಪಟ್ಟಣದ ಮೂವರು ಸತ್ತರು. ಊರಂಚಿನ ಮೈಥ್ ನೀರು ಶುದ್ಧೀಕರಣ ಕೇಂದ್ರ ಜುಲೈ 22ರಂದು ಮುಳುಗಿತು. ಸುತ್ತಲಿನ ಸುಮಾರು 3,50,000 ಜನರಿಗೆ ನಲ್ಲಿನೀರು ನಿಂತು, ಕೆಲವರಿಗೆ 17 ದಿನ ಬರಲಿಲ್ಲ. ಎಲ್ಲಿ ನೋಡಿದರೂ ನೀರು, ಕುಡಿಯಲು ಟ್ಯಾಂಕರಿನ ಮುಂದೆ ಸಾಲು. ಕೆಳಗೆ ಗ್ಲಾಸ್ಟರ್‌ನ ಒಂದು ವಿದ್ಯುತ್ ಉಪಕೇಂದ್ರವನ್ನು ಬಂದ್ ಮಾಡಬೇಕಾಗಿ 40,000ಕ್ಕೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ವಾಲಂ ಎಂಬಲ್ಲಿನ ಇನ್ನೂ ದೊಡ್ಡ ಉಪಕೇಂದ್ರದ ಸುತ್ತ ಸೈನಿಕರು, ಅಗ್ನಿಶಾಮಕ ದಳದವರು, ಪರಿಸರ ಸಂಸ್ಥೆಯವರು ರಾತ್ರೋರಾತ್ರಿ ತಡೆಗೋಡೆ ಹೂಡಿ, ಒಳಗೆ ಜಿನುಗಿದ ನೀರನ್ನು ಪಂಪು ಹಚ್ಚಿ ಹೊರಹಾಕಿದರು. ನೀರು ಕೆಲವೇ ಅಂಗುಲ ಕೆಳಗೆ ನಿಂತಿತು. ಆ ಉಪಕೇಂದ್ರವೂ ಹೋಗಿದ್ದರೆ ಲಕ್ಷಾಂತರ ಮನೆಗಳಿಗೆ ವಿದ್ಯುತ್ತೂ ಇಲ್ಲ, ನೀರೂ ಇಲ್ಲ ಎಂಬ ಸ್ಥಿತಿ ಬರುತ್ತಿತ್ತು. ಮನೆಗಳನ್ನು ಕಾಯುವ ಯೋಚನೆ ಎಲ್ಲರಿಗೂ ಬರುತ್ತದೆ; ಮನೆಗಳಿಗೆ ಜೀವ ಕೊಡುವ ಪಂಪು, ತಂತಿಗಳನ್ನು ಹೊಳೆಯ ಮಗ್ಗುಲಲ್ಲೇ ಇಟ್ಟಿದ್ದೇವೆ ಎಂಬುದು ಆ ವಾರದವರೆಗೆ ಯಾರ ಗಮನಕ್ಕೂ ಸರಿಯಾಗಿ ಬಂದಿರಲಿಲ್ಲ.

ಆ ಬೇಸಿಗೆಯ ನೆರೆಗಳಲ್ಲಿ ಬ್ರಿಟನ್ನಿನಾದ್ಯಂತ 13 ಜನ ಸತ್ತು, ಸುಮಾರು 55,000 ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಸರ್ ಮೈಕೆಲ್ ಪಿಟ್ ನಡೆಸಿದ ಪರಿಶೀಲನೆಯ ಅಂತಿಮ ವರದಿ 2008ರ ಜೂನ್‌ನಲ್ಲಿ 92 ಶಿಫಾರಸುಗಳೊಂದಿಗೆ ಬಂತು. ನೆಲದ ಮೇಲಿನ ಮಳೆನೀರಿಗೆ ಹೊಣೆಗಾರರೇ ಇರಲಿಲ್ಲ ಎಂಬುದು ಅದು ಎತ್ತಿ ತೋರಿದ ದೊಡ್ಡ ಕೊರತೆ. 2010ರ ಪ್ರವಾಹ ಮತ್ತು ಜಲ ನಿರ್ವಹಣಾ ಕಾಯ್ದೆ ಆ ಹೊಣೆಯನ್ನು ಕೌಂಟಿ ಮತ್ತು ಒಂದೇ ಹಂತದ ಕೌನ್ಸಿಲುಗಳಿಗೆ ವಹಿಸಿತು. ನೆರೆಯನ್ನು ತಡೆಯುವ ಮೋರಿ, ಗೋಡೆ, ಒಡ್ಡುಗಳ ಪಟ್ಟಿಯನ್ನು ಅವು ಇಟ್ಟಿರಬೇಕು. ಗಂಭೀರ ನೆರೆಯ ನಂತರ ಯಾರ ಹೊಣೆ ಏನಿತ್ತು, ಅವರು ಅದನ್ನು ಮಾಡಿದರೇ ಎಂದು ತನಿಖೆ ಮಾಡಿ ವರದಿ ಪ್ರಕಟಿಸಬೇಕು. ಕಾಯ್ದೆಯ 19ನೇ ಕಲಂನ ಈ ವರದಿಗಳನ್ನು ಯಾರೂ ಓದಬಹುದು. ಬೀದಿಬೀದಿಯ ಹೆಸರು ಹಿಡಿದು, ಇಂಥ ಮೋರಿ ಕಟ್ಟಿಕೊಂಡಿತ್ತು, ಇಂಥ ಕೊಳವೆಯ ಅಳತೆ ಸಾಲದು ಎಂದು ಬರೆದ ಈ ಒಣ ಪುಟಗಳು ನೆರೆಯ ಬಗ್ಗೆ ಬರುವ ಎಷ್ಟೋ ಭಾಷಣಗಳಿಗಿಂತ ಉಪಯುಕ್ತ. ಕೊರತೆಯೊಂದಿದೆ: ವರದಿ ಬರೆಯಬೇಕೆಂದು ಕಾಯ್ದೆ ಹೇಳುತ್ತದೆ, ಅದರಲ್ಲಿನ ಸಲಹೆಯನ್ನು ಜಾರಿ ಮಾಡಲೇಬೇಕೆಂದು ಹೇಳುವುದಿಲ್ಲ.

ಟ್ಯೂಕ್ಸ್‌ಬರಿ ಹಳೆಪೇಟೆಯ ಸುತ್ತ ದೊಡ್ಡ ಗೋಡೆ ಎದ್ದಿಲ್ಲ. ಎರಡು ನದಿ ಕೂಡುವ ಕಡೆ ಗೋಡೆ ಎಷ್ಟು ಎತ್ತರ, ಎಷ್ಟು ಉದ್ದ ಇರಬೇಕು ಎಂಬುದು ಒಂದು ಪ್ರಶ್ನೆ. ಪಕ್ಕದ ಹುಲ್ಲುಗಾವಲಿಗೆ ಹರಡಬೇಕಾದ ನೀರನ್ನು ಗೋಡೆ ಬೇರೆ ಊರಿಗೆ ತಳ್ಳೀತೇ ಎಂಬುದು ಇನ್ನೊಂದು. ಇಲ್ಲಿ ಹೆಚ್ಚಿನ ಭಾರ ಮನೆಗಳ ಮೇಲೇ ಬಿದ್ದಿದೆ. ಬಾಗಿಲಿಗೆ ತೊಡಿಸುವ ಹಲಗೆ, ಗಾಳಿಕಿಂಡಿಗೆ ಮುಚ್ಚಳ, ಶೌಚದ ಕೊಳವೆಯಲ್ಲಿ ಹಿಮ್ಮುಖ ಹರಿವು ತಡೆಯುವ ಕವಾಟ, ಎತ್ತರಕ್ಕೆ ಏರಿಸಿದ ವಿದ್ಯುತ್ ಪ್ಲಗ್ಗು, ಮರದ ಹಾಸಿನ ಬದಲು ಕಲ್ಲಿನ ನೆಲ. ಮರಳಚೀಲವನ್ನೇ ನಂಬಿ ಕೌನ್ಸಿಲಿಗೆ ಫೋನ್ ಮಾಡುವವರು ಇನ್ನೂ ಬಹಳ. ಆದರೆ ಮರಳಚೀಲ ಕೊಡಬೇಕೆಂಬ ಕಾನೂನು ಕೌನ್ಸಿಲುಗಳ ಮೇಲಿಲ್ಲ. ಅದು ನೀರನ್ನು ಪೂರ್ತಿ ತಡೆಯುವುದೂ ಇಲ್ಲ, ಒಮ್ಮೆ ಕೊಳಚೆ ನೀರು ಹೀರಿದ ಮೇಲೆ ಅದೇ ಒಂದು ಹೊಲಸು. ಮನೆ ಒಣಗಿಸಲು ತಿಂಗಳುಗಳು ಬೇಕು, ವಿಮೆ ಸಿಗುವುದು ಕಷ್ಟವಾಗುತ್ತದೆ. ಅಪಾಯದ ಮನೆಗಳಿಗೂ ಕೈಗೆಟಕುವ ದರದಲ್ಲಿ ವಿಮೆ ಸಿಗಲೆಂದು 2016ರಲ್ಲಿ ಫ್ಲಡ್ ರೀ ಎಂಬ ವ್ಯವಸ್ಥೆ ಆರಂಭವಾಯಿತು. 2009ರಿಂದ ಈಚೆಗೆ ಕಟ್ಟಿದ ಮನೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ತಗ್ಗಿನಲ್ಲಿ ಹೊಸ ಮನೆ ಕಟ್ಟುವುದಕ್ಕೆ ಉತ್ತೇಜನ ಸಿಗಬಾರದೆಂಬುದು ಇದರ ಕಾರಣ.

ಗ್ಲಾಸ್ಟರ್‌ಗೆ ಬರುವ ಹೊತ್ತಿಗೆ ನದಿಗೆ ಕಡಲಿನ ಎಳೆತ ಸೇರುತ್ತದೆ. ಸೆವರ್ನ್ ಅಳಿವೆಯ ಉಬ್ಬರ–ಇಳಿತದ ಅಂತರ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ದೊಡ್ಡ ಉಬ್ಬರದ ದಿನಗಳಲ್ಲಿ ಕಡಲ ನೀರು ಒಂದೇ ಅಲೆಯಾಗಿ ನದಿಯ ಮೇಲಕ್ಕೆ ಏರಿಬರುವುದನ್ನು ನೋಡಲು ಜನ ದಡದಲ್ಲಿ ಸೇರುತ್ತಾರೆ. ಮೇಲಿನಿಂದ ನೆರೆ ಇಳಿಯುವ ದಿನವೇ ಕೆಳಗಿನಿಂದ ಉಬ್ಬರ ಏರಿದರೆ ನೀರಿಗೆ ಹೋಗಲು ಜಾಗವಿಲ್ಲ. ನಗರದ ಪಕ್ಕದ ಆಲ್ನಿ ದ್ವೀಪದ ರಸ್ತೆಗಳು ಮುಳುಗುತ್ತವೆ. ಆದ್ದರಿಂದ ಇಲ್ಲಿನ ಕೌನ್ಸಿಲಿನವರು ಮಳೆಯ ನಕ್ಷೆಯ ಜೊತೆಗೆ ಉಬ್ಬರದ ಪಟ್ಟಿಯನ್ನೂ ಮುಂದಿಟ್ಟುಕೊಳ್ಳಬೇಕು.

ಗ್ಲಾಸ್ಟರ್‌ನಿಂದ ಏವನ್‌ಮೌತ್‌ವರೆಗಿನ ತಗ್ಗು ಬಯಲು ಬಹುಪಾಲು ಅಳಿವೆಯಿಂದ ಗಳಿಸಿದ ನೆಲ. ಇದರ ಕಾಲುವೆ, ತೂಬುಗಳ ಉಸ್ತುವಾರಿ ಕೆಳಸೆವರ್ನ್ ಒಳನಾಡು ಬಸಿಗಾಲುವೆ ಮಂಡಳಿಯದು. ದಡದ ತೂಬಿನ ಕದಗಳು ಇಳಿತದ ಹೊತ್ತಿನಲ್ಲಿ ತೆರೆದು ನೀರನ್ನು ಬಿಡುತ್ತವೆ, ಉಬ್ಬರ ಏರಿದಾಗ ತಾವಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿರುವ ಅಷ್ಟು ಗಂಟೆ ಬಯಲಿನ ಮಳೆಯನ್ನೆಲ್ಲ ಕಾಲುವೆಗಳೇ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಚಳಿಗಾಲಕ್ಕೆ ಮೊದಲು ಅವುಗಳ ಕಳೆ ಕೊಯ್ದು, ಹೂಳೆತ್ತಿ, ನೀರಿನ ಮಟ್ಟವನ್ನು ತಗ್ಗಿಸಿ ಇಡುತ್ತಾರೆ. ಏವನ್‌ಮೌತ್‌ನ ಕಡೆಯಲ್ಲಿ, ಏರುತ್ತಿರುವ ಕಡಲಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು, ಎರಡು ಕೌನ್ಸಿಲುಗಳೂ ಪರಿಸರ ಸಂಸ್ಥೆಯೂ ಸೇರಿ ಸುಮಾರು 17 ಕಿ.ಮೀ. ಉದ್ದಕ್ಕೆ ದಡದ ರಕ್ಷಣೆಯನ್ನು ಎತ್ತರಿಸುವ ಕೆಲಸ ಕೈಗೊಂಡವು. ಅಲ್ಲಿಂದ ಮುಂದೆ ನದಿಯ ನೆರೆಯ ಲೆಕ್ಕ ಮುಗಿದು ಕರಾವಳಿಯ ಲೆಕ್ಕ ಶುರುವಾಗುತ್ತದೆ.